ರಬ್ಬರ್ ಹಚ್ಚಿದ ಮುಖ

ನಾನು ಹುಟ್ಟಾ ಪುಕ್ಕಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗೋಕಾಕದಲ್ಲಿ ಚಿತ್ರಕಲೆ ಕಲಿಯುತ್ತಿದ್ದ ವರ್ಷಗಳಲ್ಲಿ ನಮ್ಮ ಕ್ಲಾಸಿನಲ್ಲಿ ನನ್ನಷ್ಟು ಅಂಜಿದವರು ಬೇರೆ ಯಾರೂ ಇರಲಿಕ್ಕಿಲ್ಲ. ಗದ್ದಲದ ಬಸ್ಸಿಗೆ ಅಂಜುತ್ತಿದ್ದೆ, ಬಿಳಿ ಹಾಳೆಗೆ ಅಂಜುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಆರು ಗಂಟೆಗೆ ಮೊಬೈಲಿನಲ್ಲಿ ಟಿಣ್ ಎಂದು ಬಂದು ಬೀಳುತ್ತಿದ್ದ ಮೇಡಂ ಅವರ ಒಂದು ಸಾಲಿಗೆ ಅಂಜುತ್ತಿದ್ದೆ. ಸ್ಕೆಚ್ ಬುಕ್ಕಿನಲ್ಲಿ ಆ ದಿನ ಏನು ಬರೆಯಬೇಕು ಎಂಬ ವಿಷಯ ಅದರಲ್ಲಿ ಇರುತ್ತಿತ್ತು. ಬರೆದದ್ದನ್ನು ಕಾಲೇಜಿನಲ್ಲಿ ಅವರ ಟೇಬಲ್ ಮೇಲೆ ಇಡಬೇಕು.

ವಿಷಯಗಳಾದರೂ ನೆಟ್ಟಗಿರುತ್ತಿದ್ದವೇ? ಹೂದಾನಿ, ಬಾಳೆಹಣ್ಣು ಎಂದಿದ್ದರೆ ನಾನೂ ಹೇಗೋ ಬದುಕಿಕೊಳ್ಳುತ್ತಿದ್ದೆ. ‘ಒಣಹಾಕಿದ ಬಟ್ಟೆಗಳ ನಡುವಿನ ಖಾಲಿ ಜಾಗ ಬರೆಯಿರಿ’ ಎನ್ನುವರು. ‘ಎಡಗೈಯಿಂದ ನಿಮ್ಮ ಬಲಗೈ ಬರೆಯಿರಿ’ ಎನ್ನುವರು. ಒಂದು ದಿನ, ‘ನಿಮಗೆ ಅಂಜಿಕೆಯಾಗುವ ಒಂದು ವಸ್ತುವಿನ ಹತ್ತಿರ ಕುಳಿತು ಅದನ್ನೇ ಬರೆಯಿರಿ’ ಎಂದು ಬಂತು. ನಾನು ನಮ್ಮ ಮನೆಯ ಕರೆಂಟಿನ ಮೀಟರ್ ಬರೆದುಕೊಂಡು ಹೋದೆ.

"ಎಲ್ಲಾರೂ ಹಲ್ಲಿ, ಹಾವು ಬರಕೊಂಡ ಬಂದಾರ. ನೀ ಒಬ್ಬಾಕಿ ನೋಡವಾ ಮೀಟರ್ ಬರದಾಕಿ" ಎಂದು ಮೇಡಂ ನಕ್ಕರು. ಕ್ಲಾಸೆಲ್ಲ ನಕ್ಕಿತು. ಅವತ್ತು ಮನೆಗೆ ಬಂದು ನಾನು ಅತ್ತದ್ದು ಬೇರೆ ಮಾತು.

ಆಮೇಲೆ ಒಂದು ಬುಧವಾರ ಈ ವಿಷಯ ಬಂತು: ‘ಒಂದೇ ಮುಖ. ಒಂದೇ ಜಾಗದಿಂದ, ಒಂದೇ ಹೊತ್ತಿಗೆ. ಹದಿನೈದು ದಿನ. ರಬ್ಬರ್ ಮುಟ್ಟಬಾರದು.’ ನಾನು ಅಪ್ಪನ ಮುಖ ಹಿಡಿದೆ. ಮೂಡಲಗಿಯ ನಮ್ಮ ಮನೆಯಲ್ಲಿ ಅಲ್ಲಾಡದೆ ಕೂರುವವನು ಅವನೊಬ್ಬನೇ. ಬೆಳಿಗ್ಗೆ ಜಳಕ ಮುಗಿಸಿ, ತಲೆಬಾಗಿಲ ಕಟ್ಟೆಯ ಮೇಲೆ ಕುಳಿತು, ಚಹಾದ ಕಪ್ಪು ಹಿಡಿದು ರಸ್ತೆ ನೋಡುವನು. ಹತ್ತು ನಿಮಿಷ ಸಿಗುತ್ತಿತ್ತು. ಆಮೇಲೆ ಅವನು ಕೆಲಸಕ್ಕೆ, ನಾನು ಬಸ್ಸಿಗೆ.

ಅಪ್ಪ ಪೇಂಟರ್. ಅಂಗಡಿಗಳ ಬೋರ್ಡು, ಕಬ್ಬಿನ ಟ್ರೇಲರುಗಳ ಹಿಂದಿನ ಹೆಸರು, ಗೋಡೆಯ ಮೇಲಿನ ಜಾಹೀರಾತು ಎಲ್ಲವನ್ನೂ ಬರೆಯುವನು. ಫ್ಲೆಕ್ಸ್ ಬಂದು ಬೋರ್ಡಿನ ಕೆಲಸವನ್ನು ನುಂಗಿದ ಮೇಲೆ ಅವನಿಗೆ ಎತ್ತರದ ಗೋಡೆಗಳೇ ಉಳಿದಿದ್ದವು. ನನಗೆ ಮೊದಲು ಕೈಹಿಡಿದು ಕಲಿಸಿದವನು ಅವನೇ. ಸುಣ್ಣ ಹಚ್ಚಿದ ದಾರವನ್ನು ಎರಡು ಕಡೆ ಹಿಡಿದು, ನಡುವೆ ಎಳೆದು ಬಿಟ್ಟರೆ ಗೋಡೆಯ ಮೇಲೆ ನೆಟ್ಟನೆಯ ಗೆರೆ ಬೀಳುತ್ತದೆ. "ಮೊದಲ ನಡಾ ಹಿಡಿ" ಎನ್ನುತ್ತಿದ್ದ. "ಎಡಕ್ಕ ಎಷ್ಟೋ ಬಲಕ್ಕ ಅಷ್ಟ. ಡೊಂಕ ಕಂಡ್ರ ನಿನ್ನ ಕೈದ ತಪ್ಪು, ಗೋಡೀದಲ್ಲ." ಈ ಮಾತು ನನ್ನ ತಲೆಯಲ್ಲಿ ಎಷ್ಟು ಆಳಕ್ಕೆ ಕುಳಿತಿತ್ತೆಂದರೆ ನಾನು ಮನುಷ್ಯರ ಮುಖಕ್ಕೂ ಮೊದಲು ನಡುಗೆರೆ ಹಾಕುತ್ತಿದ್ದೆ.

ಎಂಟು ದಿನ ಸುಸೂತ್ರವಾಗಿ ಹೋಯಿತು. ಒಂಬತ್ತನೇ ದಿನ ಬರೆದು ಮುಗಿಸಿ ನೋಡಿದರೆ ಅಪ್ಪನ ಬಾಯಿಯ ಎಡಗಡೆ ಮೂಲೆ ತುಸು ಕೆಳಗೆ ಬಂದಿತ್ತು. ತುಸು ಎಂದರೆ ತುಸುವೇ, ಒಂದು ಜೋಳದ ಕಾಳಿನಷ್ಟು. ‘ಥೂ, ಕೈ ಜಾರಿತು’ ಎಂದುಕೊಂಡೆ. ಮೇಡಂ ಕ್ಲಾಸಿನಲ್ಲಿ ಪುಸ್ತಕ ಎತ್ತಿ ತೋರಿಸಿ ಮತ್ತೆ ನಗಿಸಿಬಿಟ್ಟರೆ ಎಂದು ಅಂಜಿದೆ. ಕಂಪಾಸ್ ಪೆಟ್ಟಿಗೆಯಿಂದ ರಬ್ಬರ್ ತೆಗೆದು ಆ ಮೂಲೆ ಅಳಿಸಿ, ಬಲಗಡೆ ಎಷ್ಟಿತ್ತೋ ಅಷ್ಟಕ್ಕೆ ಏರಿಸಿದೆ. ಈಗ ಮುಖ ಚಂದ ಕಂಡಿತು.

ಹತ್ತನೇ ದಿನ ಮತ್ತೆ ಅದೇ. ಹನ್ನೊಂದಕ್ಕೂ ಅದೇ, ಜೊತೆಗೆ ಎಡಗಣ್ಣಿನ ರೆಪ್ಪೆಯೂ ಭಾರವಾಗಿ ಬಂತು. ನನ್ನ ಮೇಲೆ ನನಗೇ ಸಿಟ್ಟು. ಮೂರು ವರ್ಷ ಕಲಿತು ಒಂದು ಬಾಯಿ ನೆಟ್ಟಗೆ ಬರೆಯಲು ಬರುವುದಿಲ್ಲವಲ್ಲ ಎಂದು ಹಲ್ಲು ಕಚ್ಚಿ ತಿದ್ದಿದೆ. ಹನ್ನೆರಡನೇ ದಿನ ಅಪ್ಪನ ಅಂಗಿಯ ಮೇಲೆ ಚಹಾ ಸುರಿಯಿತು. "ಸಣ್ಣ ಹುಡುಗರಂಗ ಮೈಮ್ಯಾಲ ಚಾ ಚೆಲ್ಲಿಕೊಂಡ್ರಲ್ಲರಿ" ಎಂದು ಅವ್ವ ಬೈದಳು. ಅಪ್ಪ ನಕ್ಕ, ನಾನೂ ನಕ್ಕೆ. ನಕ್ಕು, ಮತ್ತೆ ರಬ್ಬರ್ ಹಿಡಿದೆ. ಈಗ ನಾನೂ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಮಕ್ಕಳು ಏನು ಬರೆದಿದ್ದಾರೆ ಎನ್ನುವುದಕ್ಕಿಂತ ಮೊದಲು ಎಲ್ಲಿ ಅಳಿಸಿದ್ದಾರೆ ಎಂದು ನೋಡುತ್ತೇನೆ. ಅವತ್ತು ಆ ಬುದ್ಧಿ ಎಲ್ಲಿತ್ತು?

ದಿನವೂ ಆ ದಿನದ ಹಾಳೆಯನ್ನಷ್ಟೇ ಮೇಲೆ ಮೇಲೆ ನೋಡಿ ಬಿಡುತ್ತಿದ್ದ ಮೇಡಂ ಹದಿನಾಲ್ಕನೇ ದಿನ ನನ್ನ ಪುಸ್ತಕವನ್ನು ಮೊದಲಿನಿಂದ ನೋಡಲು ಕೈಗೆತ್ತಿಕೊಂಡರು. ಹಾಳೆ ತಿರುವುತ್ತಾ ಹೋದವರು ಒಂದು ಕಡೆ ನಿಂತು, ಬೆರಳಿನಿಂದ ಸವರಿದರು.

"ರಬ್ಬರ್ ಮುಟ್ಟಬ್ಯಾಡ ಅಂತ ಹೇಳಿದ್ನಿಲ್ಲ?"

"ತಪ್ಪಾಗಿತ್ರಿ ಮೇಡಂ. ಬಾಯಿ ಒಂದ ಬಾಜೂ ಇಳೀತಿತ್ತು. ಸರಿ ಮಾಡೀನ್ರಿ."

ಅವರು ಬೈಯಲಿಲ್ಲ. ಅದೇ ನನಗೆ ಮೊದಲು ಅಂಜಿಕೆ ತಂದದ್ದು. ಪುಸ್ತಕವನ್ನು ಕಿಟಕಿಯ ಹತ್ತಿರ ಒಯ್ದು, ಬಿಸಿಲಿಗೆ ಓರೆಯಾಗಿ ಹಿಡಿದರು. ಅಳಿಸಿದರೂ ಪೆನ್ಸಿಲ್ಲಿನ ಗೀರು ಹಾಳೆಯಲ್ಲಿ ಉಳಿದಿರುತ್ತದೆ. ಒಂಬತ್ತನೇ ದಿನದ್ದು ನೋಡಿದರು, ಹತ್ತನೆಯದು, ಹನ್ನೊಂದು, ಹೀಗೆ ಕೊನೆಯವರೆಗೂ ನೋಡಿದರು.

"ಆರ ದಿನಾ ಒಂದ ಜಾಗಾದಾಗ ಒಂದ ತಪ್ಪು ಹೆಂಗ ಆಗತೈತಿ ತಂಗಿ?" ಎಂದರು ಮೆಲ್ಲಗೆ. "ಕೈ ತಪ್ಪಿದ್ರ ಒಂದಿನ ಮ್ಯಾಲ ಆಗಬೇಕು, ಒಂದಿನ ಕೆಳಗ ಆಗಬೇಕು. ಇದು ದಿನಾ ಕೆಳಗ ಇಳ್ಯಾಕತ್ತೈತಿ. ನೀ ಸರೀನ ಬರದೀ. ನಮ್ಮ ಮಾವನವರಿಗೆ ಲಕ್ವಾ ಹೊಡದು ಒಂದ ಬಾಜೂ ಕೈಕಾಲ ಬೀಳೂಕಿಂತ ಮೊದಲ ಮೋತಿ, ಬಾಯಿ ಹಿಂಗ ಆಗಿತ್ತು. ನಿಮ್ಮಪ್ಪ ಈಗ ಎಲ್ಲಿ ಅದಾರ?"

ಅಪ್ಪ ಎಲ್ಲಿದ್ದಾನೆ ಎನ್ನುವುದೇ ನನಗೆ ನೆನಪಾಗಲಿಲ್ಲ. ಅಂಗಳಕ್ಕೆ ಬಂದು ಅವನಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಅವ್ವನಿಗೆ ಹಚ್ಚಿದೆ.

"ಅವ್ವಾ, ಅಪ್ಪನ ಮೋತಿ ನೋಡೀಯೇನ?"

"ಏನ ಕೇಳ್ತೀಯವಾ? ಲಗ್ನ ಆದಾಗಿಂದ ಅದನ್ನ ನೋಡಾಕತ್ತೇನಿ."

"ಚಾಷ್ಟಿ ಬಿಡಬೇ. ಎಲ್ಲಿ ಹೋಗ್ಯಾನ?"

"ಹುಕ್ಕೇರಿಗಿ. ಗೊಬ್ಬರದ ಅಂಗಡಿ ಗೋಡಿ ಬರ್ಯಾಕ. ಎರಡ ಮಜಲಿನ ಗೋಡಿ ಐತಂತ. ಯಾಕ?"

ಎರಡು ಮಜಲು. ಅವ್ವನಿಗೆ ಏನು ಹೇಳಿದೆನೋ ಗೊತ್ತಿಲ್ಲ. ಮೇಡಂ ತಾವೇ ಸ್ಕೂಟಿಯ ಮೇಲೆ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಿಟ್ಟರು. ಹುಕ್ಕೇರಿಯ ಬಸ್ಸು ಹೊರಡಲು ತಯಾರಾಗಿತ್ತು.

ಆ ದಾರಿ ಅಷ್ಟು ಉದ್ದ ಇದೆ ಎಂದು ನನಗೆ ಗೊತ್ತಿರಲಿಲ್ಲ. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಸ್ತೆ ತುಂಬ ತೆವಳುತ್ತಿದ್ದವು, ಅವುಗಳ ಹಿಂದೆ ನಮ್ಮ ಬಸ್ಸೂ ತೆವಳುತ್ತಿತ್ತು. ನಾನು ಮತ್ತೆ ಮತ್ತೆ ಫೋನ್ ಹಚ್ಚಿದೆ. ಐದನೆಯ ಸಲಕ್ಕೆ ಒಂದು ಯೋಚನೆ ಬಂದು ಬೆರಳು ಅಲ್ಲೇ ನಿಂತಿತು. ಅಪ್ಪ ನಿಚ್ಚಣಿಕೆಯ ಮೇಲಿದ್ದರೆ? ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಇನ್ನೊಂದರಲ್ಲಿ ಬ್ರಷ್. ಜೇಬಿನಲ್ಲಿ ಫೋನ್ ಕೂಗುತ್ತಿದ್ದರೆ ಯಾವ ಕೈಯಿಂದ ತೆಗೆಯುತ್ತಾನೆ? ನನ್ನ ಫೋನೇ ಅವನನ್ನು ಕೆಡವಿದರೆ? ಮೊಬೈಲನ್ನು ಬ್ಯಾಗಿನೊಳಗೆ, ಪುಸ್ತಕದ ಕೆಳಗೆ ತುರುಕಿದೆ. ಅದು ಇನ್ನೂ ಅವನ ಜೇಬಿನಲ್ಲಿ ಕೂಗುತ್ತಿದೆ ಎಂದೇ ಅನಿಸುತ್ತಿತ್ತು.

"ಯಾಕ ತಂಗಿ, ಮೈಯಾಗ ಆರಾಮಿಲ್ಲೇನ?" ಎಂದು ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಕೇಳಿದಳು.

"ಆರಾಮ ಅದೀನ್ರಿ" ಎಂದು ಅವಳ ಮೇಲೆ ಹರಿಹಾಯ್ದೆ. ಪಾಪ, ಅವಳದೇನು ತಪ್ಪು! ಆಕೆ ಕಿಟಕಿಯ ಬದಿಯ ಸೀಟು ನನಗೆ ಬಿಟ್ಟುಕೊಟ್ಟಳು.

ಹುಕ್ಕೇರಿಯಲ್ಲಿ ಇಳಿದು ಗೊಬ್ಬರದ ಅಂಗಡಿ ಎಲ್ಲಿ ಎಂದು ಕೇಳುತ್ತಾ ಓಡಿದೆ. ಊರಿಗೆ ಒಂದೇ ಅಂಗಡಿ ಇರುತ್ತದೆಯೇ? ಮೊದಲನೆಯದರಲ್ಲಿ ಇರಲಿಲ್ಲ. ಎರಡನೆಯದರ ಓಣಿಗೆ ತಿರುಗುತ್ತಲೇ ಗೋಡೆ ಕಾಣಿಸಿತು. ಬಿಳಿ ಸುಣ್ಣದ ಎತ್ತರದ ಗೋಡೆ, ಅದಕ್ಕೆ ಆನಿಸಿದ ಬಿದಿರಿನ ನಿಚ್ಚಣಿಕೆ, ಅದರ ತುದಿಯಲ್ಲಿ ಅಪ್ಪ. ಅವನ ಎಡಗೈಯ ಕೆಳಗಿನಿಂದ ಗೋಡೆಯುದ್ದಕ್ಕೂ ಹಸಿರು ಬಣ್ಣ ನೆಲದವರೆಗೆ ಸುರಿದಿತ್ತು. ಕೈಯಲ್ಲಿದ್ದ ಡಬ್ಬಿ ವಾಲಿತ್ತು. ವಾಲಿದ್ದು ಅವನಿಗೆ ಗೊತ್ತೇ ಇರಲಿಲ್ಲ.

‘ಅಪ್ಪಾ’ ಎಂದು ಕೂಗಲು ಬಾಯಿ ತೆರೆದೆ. ಹಾಗೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಕೂಗಿದರೆ ಅವನು ತಿರುಗುತ್ತಾನೆ. ತಿರುಗಿದರೆ ನಾನು ನಿಂತ ಎಡಗಡೆಗೇ ತಿರುಗುತ್ತಾನೆ.

ಅಂಗಡಿಯವರು ಹೊರಗೆ ಬಂದು, "ನೋಡ್ರಿ, ಗೋಡಿ ಎಲ್ಲಾ ಹೊಲಸ ಮಾಡ್ಯಾನ. ಏ ಪೇಂಟರ್..." ಎಂದು ದನಿ ಎತ್ತಿದರು. ನಾನು ಅವರ ತೋಳು ಹಿಡಿದುಬಿಟ್ಟೆ. ಪರಗಂಡಸಿನ ತೋಳು! ಜೀವಮಾನದಲ್ಲಿ ಅಂಥ ಕೆಲಸ ಮಾಡಿದವಳಲ್ಲ. "ಕೈ ಮುಗೀತೇನ್ರಿ ಕಾಕಾ, ಒದರಬ್ಯಾಡ್ರಿ. ನಮ್ಮಪ್ಪ ಅದಾನ್ರಿ ಅವ. ಆರಾಮಿಲ್ಲರಿ." ಅವರು ನನ್ನ ಮುಖ ನೋಡಿ ಸುಮ್ಮನಾದರು, ಬಂದು ನಿಚ್ಚಣಿಕೆಯ ಒಂದು ಕಾಲು ಹಿಡಿದರು. ಇನ್ನೊಂದನ್ನು ನಾನು ಹಿಡಿದೆ.

"ಯಾರ್ರಿ ಅದು?" ಎಂದ ಅಪ್ಪ ಮೇಲಿನಿಂದ. ಮಾತು ತೊದಲುತ್ತಿತ್ತು.

"ನಾ ಅಪಾ. ಕೆಳಗ ನೋಡಬ್ಯಾಡ. ಮೆಲ್ಲಕ ಇಳಿ."

"ಕಾಲೇಜ ಬಿಟ್ಟ ಯಾಕ ಬಂದೀ? ಒಂದ ಅಕ್ಷರ ಉಳದೈತಿ ತಡಿ."

"ಅಕ್ಷರ ಹಾಳಾಗಿ ಹೋಗ್ಲಿ. ಮೊದಲ ಇಳಿ ನೀ."

ನಾನು ಅಪ್ಪನಿಗೆ ಹಾಗೆ ಗದರಿಸಿದ್ದು ಅದೇ ಮೊದಲು. ಅವನು ಇಳಿಯತೊಡಗಿದ. ಬಲಗಾಲು ಸರಿಯಾಗಿ ಬರುತ್ತಿತ್ತು. ಎಡಗಾಲು ಮೆಟ್ಟಿಲು ಸಿಗದೆ ಗಾಳಿಯಲ್ಲಿ ತಡಕಾಡುತ್ತಿತ್ತು. ನಾನು ನಾಲ್ಕು ಮೆಟ್ಟಿಲು ಹತ್ತಿ, ಕೈ ಚಾಚಿ, ಆ ಪಾದ ಹಿಡಿದು ಮೆಟ್ಟಿಲಿನ ಮೇಲೆ ಇಟ್ಟೆ. ಒಂದು ಮೆಟ್ಟಿಲು ನಾನು ಇಳಿದೆ, ಮತ್ತೆ ಪಾದ ಹಿಡಿದು ಇಟ್ಟೆ. ಕಾಲು ಕಲ್ಲಿನ ಹಾಗೆ ಭಾರವಾಗಿತ್ತು, ಬಣ್ಣ ಹತ್ತಿ ಜಾರುತ್ತಿತ್ತು.

ನೆಲ ಮುಟ್ಟಿದ ಮೇಲೆ ಅಪ್ಪ ನನ್ನನ್ನು ನೋಡಿ ನಕ್ಕ. ಅರ್ಧ ಮುಖ ಮಾತ್ರ ನಕ್ಕಿತು. ಎರಡು ಹೆಜ್ಜೆ ಇಡುವಷ್ಟರಲ್ಲಿ ಎಡಗಡೆಗೆ ಕುಸಿದ. ಅಂಗಡಿಯವರು ಗೊಬ್ಬರದ ಚೀಲಗಳ ಮೇಲೆ ಒರಗಿಸಿ, ತಾವೇ ಓಡಿಹೋಗಿ ಆಟೋ ತಂದರು. ಹುಕ್ಕೇರಿಯ ದವಾಖಾನೆಯಿಂದ ಆಂಬುಲೆನ್ಸಿನಲ್ಲಿ ಬೆಳಗಾವಿಗೆ ಹೋದೆವು. ಅವ್ವ ಮೂಡಲಗಿಯಿಂದ ನೆಟ್ಟಗೆ ಅಲ್ಲಿಗೇ ಬಂದಳು.

"ಯಾವಾಗಿಂದ ಹಿಂಗೈತ್ರಿ?" ಎಂದು ಡಾಕ್ಟರು ಕೇಳಿದರು.

"ಇವತ್ತ ಆಗೈತ್ರಿ ಸಾಹೇಬ್ರ" ಎಂದಳು ಅವ್ವ, ಅಳುತ್ತಾ.

ನಾನು ಸುಮ್ಮನಿದ್ದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಡಾಕ್ಟರಿಗೆ ಸುಳ್ಳು ಹೇಳಿದರೆ ಅಪ್ಪನಿಗೆ ಮತ್ತೇನು ಆದೀತೋ ಎಂಬ ಅಂಜಿಕೆ, ಬೈಗುಳದ ಅಂಜಿಕೆಗಿಂತ ದೊಡ್ಡದಾಗಿತ್ತು. ಪುಸ್ತಕ ತೆಗೆದು ಒಂಬತ್ತನೇ ದಿನದ ಹಾಳೆ ತೋರಿಸಿದೆ. ಡಾಕ್ಟರು ಹಾಳೆಗಳನ್ನು ದೀಪದ ಕೆಳಗೆ ಹಿಡಿದು ನೋಡಿದರು. "ಆವಾಗ ಕರಕೊಂಡ ಬಂದಿದ್ರ ಛಲೋ ಇತ್ತವಾ" ಎಂದರು, ಅಷ್ಟೇ. ಅವ್ವ ನನ್ನ ಕಡೆ ತಿರುಗಿ ನೋಡಲಿಲ್ಲ. ಜೀವ ಉಳಿಯುತ್ತದೆ, ಎಡಗೈ ಎಡಗಾಲಿನ ಮಾತು ಈಗಲೇ ಹೇಳಲಾಗದು ಎಂದು ಹೇಳಿ ಡಾಕ್ಟರು ಹೋದರು.

ನಾಲ್ಕನೇ ದಿನ ಮಧ್ಯಾಹ್ನ ಅಪ್ಪನ ಮಾತು ತುಸು ತಿಳಿಯುವಂತಾಯಿತು. ಅವ್ವ ಗಂಜಿ ತರಲು ಹೋಗಿದ್ದಳು. "ಬುಕ್ ಕೊಡು" ಎಂದ. ಕೊಡಲು ಕೈ ಬರಲಿಲ್ಲ. ಮತ್ತೆ ಕೇಳಿದ. ಅವನ ಹೊಟ್ಟೆಯ ಮೇಲೆ ಇಟ್ಟೆ. ಬಲಗೈಯಿಂದ ಒಂದೊಂದೇ ಹಾಳೆ ತಿರುವಿದ. ರಬ್ಬರ್ ತಿಕ್ಕಿ ಹಾಳೆ ಒರಟಾಗಿದ್ದ ಕಡೆ ಹೆಬ್ಬೆರಳು ನಿಂತಿತು.

"ಇಲ್ಲಿ ಅಳಸೀಯೇನ?"

"ಹೂಂ. ಡೊಂಕ ಬಂದಿತ್ತಪಾ. ನನ್ನ ಕೈದ ತಪ್ಪ ಅಂತ ತಿಳಕೊಂಡೆ."

ಬೈಯುತ್ತಾನೆ ಎಂದು ನಾನು ಮಂಚದ ಕಬ್ಬಿಣ ಹಿಡಿದು ಕಾಯುತ್ತಿದ್ದೆ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

"ದಾಡಿ ಮಾಡಿಕೊಳ್ಳೂ ಮುಂದ ನನಗೂ ಕನ್ನಡ್ಯಾಗ ಹಂಗ ಕಂಡಿತ್ತು" ಎಂದ, ಒಂದೊಂದೇ ಮಾತು ಎಳೆದು. "ಅಂಜಿಕಿ ಬಂತು. ನೀ ಜಳಕಕ್ಕ ಹೋದಾಗ ನಿನ್ನ ಬುಕ್ ತಗದ ನೋಡ್ದೆ. ದಿನಾನೂ ನೋಡ್ತಿದ್ದೆ. ಬಾಯಿ ನೆಟ್ಟಗ ಇತ್ತು. ಕನ್ನಡೀನ ಸರಿ ಇಲ್ಲ, ನನ್ನ ಮಗಳ ಕಣ್ಣು ತಪ್ಪಂಗಿಲ್ಲ ಅಂತ ನಿಚ್ಚಣಿಕಿ ಹತ್ತೀನಿ."

ಹಾಗೆಂದು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟ.