ಕತ್ತಲಾಗದ ಊರಿನಲ್ಲಿ ಒಂದು ಗುರುವಾರ

ಕಿಟಕಿಗೆ ಕಂಬಳಿಯಷ್ಟು ದಪ್ಪದ ಕಪ್ಪು ಪರದೆ ಇತ್ತು. ಮನೆಯೊಡತಿ ಅದನ್ನು ಎಳೆದು ತೋರಿಸಿ, "ಬೇಸಿಗೆಯಲ್ಲಿ ನಮಗೆ ಕತ್ತಲಾಗುವುದಿಲ್ಲ. ನಿದ್ದೆ ಬೇಕಾದವರು ಕತ್ತಲೆಯನ್ನು ತಾವೇ ಮಾಡಿಕೊಳ್ಳಬೇಕು" ಎಂದರು. ನಾನು ನಕ್ಕುಬಿಟ್ಟೆ. ಕುವೈತಿನ ಫಹಾಹೀಲ್‌ನಲ್ಲಿ ನಾವೂ ಪರದೆ ಎಳೆಯುತ್ತೇವೆ, ಆದರೆ ಅದು ಮೈ ಸುಡುವ ಬಿಸಿಲಿಗೆ. ಇಲ್ಲಿಯ ಜನ ಆಗಸ್ಟ್ ತಿಂಗಳಲ್ಲಿ ಸ್ವೆಟರ್ ತೊಟ್ಟು ಬಿಸಿಲಿಗೆ ಪರದೆ ಹಾಕುತ್ತಾರೆ!

ನಾನು ಬಾಗಲಕೋಟೆಯವನು. ಫಹಾಹೀಲ್ ಹತ್ತಿರದ ಮೀನಾ ಅಬ್ದುಲ್ಲಾದ ತೈಲ ಶುದ್ಧೀಕರಣ ಘಟಕದಲ್ಲಿ ಗುತ್ತಿಗೆ ಕಂಪನಿಯೊಂದರ ಪಂಪ್ ಮೆಕ್ಯಾನಿಕ್. ಹೊಸ ಪಂಪುಗಳ ಕೆಲಸ ಕಲಿತು ಬಾ ಎಂದು 1990ರ ಬೇಸಿಗೆಯಲ್ಲಿ ಕಂಪನಿ ನನ್ನನ್ನು ನಾರ್ವೆಯ ಉತ್ತರ ತುದಿಯ ಪುಟ್ಟ ಬಂದರಿಗೆ ಕಳಿಸಿತು. ಬುಧವಾರ ಕುವೈತ್ ಬಿಟ್ಟವನು ವಿಮಾನದ ಮೇಲೆ ವಿಮಾನ ಹತ್ತಿ ಗುರುವಾರ ಬೆಳಿಗ್ಗೆ ಅಲ್ಲಿಗೆ ಮುಟ್ಟಿದೆ. ತರಬೇತಿ ಮರುದಿನದಿಂದ. ಹೆಂಡತಿ ಶಾಂತಾ ಮತ್ತು ಪುಟ್ಟ ಮಗಳು ಫಹಾಹೀಲ್ ಮನೆಯಲ್ಲೇ ಉಳಿದಿದ್ದರು. ಎಲ್ಲಿ ಇಳಿದುಕೊಳ್ಳುತ್ತೇನೆಂದು ನನಗೇ ಗೊತ್ತಿರಲಿಲ್ಲವಾದ್ದರಿಂದ ಅವಳಿಗೆ ಯಾವ ನಂಬರೂ ಕೊಟ್ಟಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನೇ ಫೋನ್ ಮಾಡುತ್ತೇನೆ ಎಂದಿದ್ದೆ.

ಮನೆಯೊಡತಿಯ ಹೆಸರು ಇಂಗ್ರಿಡ್. ನಿವೃತ್ತ ಶಿಕ್ಷಕಿ, ಚೆನ್ನಾಗಿ ಇಂಗ್ಲಿಷ್ ಬಲ್ಲವರು. ನಾನು ತಿಂಡಿಗೆ ಕುಳಿತಾಗ ಅಡುಗೆಮನೆಯಲ್ಲಿ ರೇಡಿಯೋ ಅವರ ಭಾಷೆಯಲ್ಲಿ ಏನನ್ನೋ ಒದರುತ್ತಿತ್ತು.

"ನಿಮ್ಮ ಊರು ಯಾವುದು?" ಎಂದು ಕೇಳಿದರು.

"ಇಂಡಿಯಾ" ಎಂದೆ. ಅಷ್ಟಕ್ಕೇ ಬಿಡದೆ ಬಾಗಲಕೋಟೆ, ಘಟಪ್ರಭಾ ನದಿ, ಜೋಳದ ರೊಟ್ಟಿ ಎಲ್ಲವನ್ನೂ ವರ್ಣಿಸಿದೆ.

ಅವರು ಎದ್ದು ಹೋಗಿ ರೇಡಿಯೋ ಆರಿಸಿದರು. "ಎಲ್ಲಿಯದೋ ಕೆಟ್ಟ ಸುದ್ದಿ. ನಿಮ್ಮ ದೇಶದ್ದೇನಲ್ಲ, ಆರಾಮಾಗಿ ತಿನ್ನಿ" ಎಂದರು.

ಕೊಲ್ಲಿಯಲ್ಲಿ ದುಡಿಯುವ ನಮ್ಮವರು ಯಾರೂ ಆ ಪ್ರಶ್ನೆಗೆ 'ಕುವೈತ್' ಎಂದು ಉತ್ತರ ಕೊಡುವುದಿಲ್ಲ. ಸಂಸಾರ ಅಲ್ಲಿ, ಸಂಬಳ ಅಲ್ಲಿ, ಮಗಳು ಹುಟ್ಟಿದ್ದೂ ಅಲ್ಲಿ. ಆದರೂ ಊರು ಮಾತ್ರ ಬೇರೆ. ಕೈಯಲ್ಲಿರುವುದು ಇಕಾಮಾ, ಅಂದರೆ ವಾಸದ ಪರವಾನಗಿ. ಅದಕ್ಕೆ ಹೊಣೆಗಾರನಾದ ಅಲ್ಲಿನ ಯಜಮಾನ, ಕಫೀಲ್, ಬೇಡ ಎಂದ ದಿನ ಎಲ್ಲವೂ ಖಲಾಸ್. ಅಂಥ ಜಾಗವನ್ನು ನಮ್ಮದು ಎನ್ನಲು ನಾಲಿಗೆ ಏಳುವುದಿಲ್ಲ. ಇಷ್ಟು ವರ್ಷ ಇದನ್ನು ನಾನು ಸ್ವಾಭಿಮಾನ ಎಂದುಕೊಂಡಿದ್ದೆ.

ಆ ದಿನವೆಲ್ಲ ನಾನು ಖುಷಿಯಾಗಿದ್ದೆ. ನೆನೆದರೆ ಈಗಲೂ ಮೈ ಉರಿಯುತ್ತದೆ. ಕೆಂಪು, ಹಳದಿ ಬಣ್ಣದ ಮರದ ಮನೆಗಳ ನಡುವೆ ಮದುವೆಗೆ ಬಂದ ಬೀಗರ ಹಾಗೆ ಅಡ್ಡಾಡಿದೆ. ಬಾಗಿಲಿಗೆ ಬೀಗವಿಲ್ಲ. ರಸ್ತೆಯಲ್ಲಿ ಯಾರೂ ಹಾರ್ನ್ ಹೊಡೆಯುವುದಿಲ್ಲ, ಯಾರೂ ಯಲ್ಲಾ ಯಲ್ಲಾ ಎಂದು ಅವಸರ ಮಾಡುವುದಿಲ್ಲ. ಇಡೀ ಊರು ಮೀನು ನಾರುತ್ತಿತ್ತು. ನಾನು ಮೀನು ತಿನ್ನುವವನಲ್ಲ, ಆದರೂ ಆ ವಾಸನೆ ಹಿಡಿಸಿತು. ಅಂಗಡಿಯೊಂದರಲ್ಲಿ ಮಗಳಿಗೆ ಉಣ್ಣೆಯ ಟೋಪಿ ಕೊಂಡೆ. ಫಹಾಹೀಲ್‌ನ ಸೆಕೆಯಲ್ಲಿ ಉಣ್ಣೆಯ ಟೋಪಿ! ಬಂದರಿನ ಕಟ್ಟೆಯ ಮೇಲೆ ಕುಳಿತು, ಇಂಥ ತಂಪು ಶಾಂತಾಳ ಹಣೆಯಲ್ಲಿ ಬರೆದಿಲ್ಲವಲ್ಲ ಎಂದು ಮರುಗಿದೆ. ಬಿಸಿಲು ಇಳಿಯಲೇ ಇಲ್ಲವಾದ್ದರಿಂದ ಸಂಜೆಯಾದದ್ದೂ ತಿಳಿಯಲಿಲ್ಲ.

ಊಟಕ್ಕೆ ಇಂಗ್ರಿಡ್ ನನಗಾಗಿ ಬೇರೆಯಾಗಿ ಆಲೂಗಡ್ಡೆ ಬೇಯಿಸಿದ್ದರು. ಟೋಪಿಯನ್ನು ಕೈಯಲ್ಲಿ ಹಿಡಿದು ನೋಡಿ, "ಮಗಳು ಇಂಡಿಯಾದಲ್ಲಿ ಅಜ್ಜಿಯ ಜೊತೆ ಇರುತ್ತಾಳೋ?" ಎಂದರು.

"ಇಲ್ಲ, ತಾಯಿ ಜೊತೆ ಕುವೈತಿನಲ್ಲಿದ್ದಾಳೆ. ನನ್ನ ಕೆಲಸ ಅಲ್ಲೇ."

ಅವರು ಟೋಪಿಯನ್ನು ಮೇಜಿನ ಮೇಲಿಟ್ಟರು. "ಅಯ್ಯೋ, ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ?" ಎಂದು ಹೆಚ್ಚುಕಡಿಮೆ ಗದರಿದರು. ಆಮೇಲೆ ಮೆಲ್ಲನೆ, ಇರಾಕಿನ ಟ್ಯಾಂಕುಗಳು ನಸುಕಿನಲ್ಲೇ ಕುವೈತಿಗೆ ನುಗ್ಗಿದ್ದನ್ನು ಹೇಳಿದರು.

ಫೋನಿಗೆ ಓಡಿದೆ. ನಾನು ನಂಬರು ಹೇಳಿದೆ. ಅವರೇ ನಂಬರು ತಿರುಗಿಸಿದರು, ಮತ್ತೆ ಮತ್ತೆ ತಿರುಗಿಸಿದರು. ಕೊನೆಗೆ ಆಪರೇಟರು, ಕುವೈತಿಗೆ ಲೈನ್ ಇಲ್ಲ, ಸುಮ್ಮನೆ ಶ್ರಮಪಡಬೇಡಿ ಎಂದಳು. ಹೊರಗೆ ಜನ ಕುರ್ಚಿ ಹಾಕಿಕೊಂಡು ಬಿಸಿಲಿಗೆ ಮೈ ಕಾಯಿಸುತ್ತಿದ್ದರು. ನನಗೆ ಕತ್ತಲೆ ಬೇಕಿತ್ತು. ಕತ್ತಲಾದರೆ ಆ ದಿನವಾದರೂ ಮುಗಿಯುತ್ತದೆ ಎನಿಸುತ್ತಿತ್ತು. ಅಷ್ಟು ಚೆಂದದ ಊರನ್ನು ಅಷ್ಟೊಂದು ದ್ವೇಷಿಸಿದವನು ಇನ್ನೊಬ್ಬನಿರಲಾರ.

ತರಬೇತಿ ಅಲ್ಲಿಗೇ ನಿಂತಿತು. ನನ್ನನ್ನು ಕಳಿಸಿದ ಕಂಪನಿಯೇ ದಿಕ್ಕಾಪಾಲಾಗಿತ್ತು. ನಾರ್ವೆಯವರು ಮರ್ಯಾದೆಯಿಂದ ಬೊಂಬಾಯಿಗೆ ಟಿಕೆಟ್ ಮಾಡಿಸಿ ಕಳಿಸಿದರು. ಶಾಂತಾ ಮಗಳನ್ನು ಕಟ್ಟಿಕೊಂಡು, ಕೆಳಗಿನ ಮನೆಯ ಬ್ಯಾರಿ ಕುಟುಂಬದ ಜೊತೆ ಬಸ್ಸಿನಲ್ಲಿ ಇರಾಕ್ ದಾಟಿ, ಜೋರ್ಡಾನಿನ ಮರಳಿನಲ್ಲಿ ಡೇರೆಯ ಕೆಳಗೆ ನೀರಿಗೂ ಸಾಲು ನಿಂತು, ಕೊನೆಗೆ ಬೊಂಬಾಯಿಗೆ ಬಂದಿಳಿದಳು. ಕರ್ರಗೆ ಸುಟ್ಟ ಮುಖವನ್ನು ಮೊದಲ ನೋಟಕ್ಕೆ ನಾನು ಗುರುತಿಸಲಿಲ್ಲ. ಮಗಳು ನನ್ನ ಹತ್ತಿರ ಬರಲಿಲ್ಲ.

"ಅವತ್ತು ಮುಂಜಾನಿ ಫೋನ್ ಛಲೋ ಇತ್ತರಿ" ಎಂದಳು ಶಾಂತಾ. "ಮಧ್ಯಾಹ್ನದ ಮಟ ಇತ್ತು. ಮಂದಿಗೆಲ್ಲಾ ಊರಿಂದ ಫೋನ್ ಬರ್ತಿದ್ವು. ನಾ ಕೂಸಿನ್ನ ತೊಡಿ ಮ್ಯಾಲೆ ಹಾಕ್ಕೊಂಡು ಅದರ ಮುಂದ ಕುಂತಿದ್ದೆ. ಸುದ್ದಿ ಕೇಳಿರ್ತಾರ, ಇನ್ನೇನು ಮಾಡ್ತಾರ ಅಂತ."

ನಾನು ಯಾಕೆ ಮಾಡಲಿಲ್ಲ ಎಂಬುದನ್ನು ಇಂಗ್ರಿಡ್‌ರ ಪ್ರಶ್ನೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಈಗ 1991ರ ಬೇಸಿಗೆ. ಕೆಲಸಕ್ಕೆ ಕರೆ ಬಂತು, ಒಬ್ಬನೇ ಫಹಾಹೀಲ್‌ಗೆ ಬಂದಿದ್ದೇನೆ. ಇರಾಕಿನವರು ಸೋತು ಓಡುವಾಗ ಹಚ್ಚಿದ ತೈಲಬಾವಿಗಳು ಇನ್ನೂ ಉರಿಯುತ್ತಿವೆ. ಹೊಗೆ ಈ ಕಡೆ ತಿರುಗಿದ ದಿನ ನಡುಮಧ್ಯಾಹ್ನ ಕಾರುಗಳು ದೀಪ ಹಾಕಿಕೊಂಡು ಓಡುತ್ತವೆ. ಬೇಕೆಂದಾಗ ಸಿಗದ ಕತ್ತಲೆ ಈಗ ಬೇಡವೆಂದರೂ ಬಿಡುತ್ತಿಲ್ಲ. ನಮ್ಮವರು ನಾಲ್ವರು ಸೇರಿದರೆ, ಯಾವ ದಾರಿಯಿಂದ ಪಾರಾದೆ, ಎಲ್ಲಿ ಗುಂಡಿನ ಸದ್ದು ಕೇಳಿದೆ ಎಂಬುದೇ ಮಾತು. ನನ್ನ ಸರದಿ ಬಂದಾಗ ಚಹಾದ ನೆಪ ಮಾಡಿ ಎದ್ದುಹೋಗುತ್ತೇನೆ. ಬಾಗಲಕೋಟೆಯಲ್ಲಿ ನನ್ನನ್ನು ಕುವೈತಿನವನು ಎನ್ನುತ್ತಾರೆ. ಕುವೈತಿನವರು ಅನುಭವಿಸಿದ್ದರಲ್ಲಿ ನನಗೆ ಪಾಲಿಲ್ಲ.

ಮೊನ್ನೆ ಶಾಂತಾಳಿಗೆ ಫೋನ್ ಮಾಡಿದೆ. ಹಳೆಯ ಮನೆ ಮತ್ತೆ ಸಿಕ್ಕಿದೆ, ಗೋಡೆಯ ಮಸಿ ಒರೆಸಿದ್ದೇನೆ ಎಂದೆ. "ಕೂಸಿನ್ನ ಕರಕೊಂಡು ಬಂದುಬಿಡು, ನಮ್ಮ ಊರಿಗೆ ಬಾ" ಎಂದು ನನ್ನ ಬಾಯಿಂದ ತಾನಾಗಿ ಬಂತು.

ಅವಳು, "ಈ ಮಾತು ಅವತ್ತು ಆ ನಾರ್ವೆ ಅಮ್ಮನ ಮುಂದ ಹೇಳಬೇಕಿತ್ತರಿ" ಎಂದಳು.