ಅಕ್ಕನ ಪೆಡಲ್ ಮೇಲಿನ ಪಸೆ

ನಾನು ಏಳನೇ ಇಯತ್ತೆಯವರೆಗೆ ಓದಿದವನು. ಕಥೆ ಕಟ್ಟುವಷ್ಟು ಬುದ್ಧಿ ನನಗಿಲ್ಲ. ಇದ್ದಿದ್ದರೆ ಇದಕ್ಕಿಂತ ಚೆಂದದ ಸುಳ್ಳು ಕಟ್ಟುತ್ತಿದ್ದೆ. ಇದು ಕಳೆದ ಬೇಸಿಗೆಯಲ್ಲಿ, ಸಿಂದಗಿಯ ನನ್ನ ಮನೆಯ ಹಿಂದಿನ ತಗಡಿನ ಪತ್ರಾಸಿನ ಶೆಡ್ಡಿನಲ್ಲಿ, ನನ್ನ ಈ ಎರಡು ಕೈಗಳಿಗೆ ಆದದ್ದು. ಊಟಕ್ಕೆ ಕೂತವರು ಊಟ ಮುಗಿಸಿ ಓದಿ.

ಹಳೆಯ ಕಾಲುಮಷಿನ್ ರಿಪೇರಿ ನನ್ನ ಕಸುಬು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ... ಎಲ್ಲಿಗೆ ಹೋದರೂ ಯಾರದೋ ಅಜ್ಜಿಯ ಹೊಲಿಗೆ ಮಷಿನ್ ಅಟ್ಟದಿಂದ ಇಳಿದು ನನ್ನ ಮುಂದೆ ಬರುತ್ತದೆ. ಎಲ್ಲದರ ಹೊಟ್ಟೆಯಲ್ಲೂ ಒಂದೇ ರೋಗ. ಮಷಿನ್ ಎಣ್ಣೆ ತೀರಿದರೆ ನಮ್ಮ ಮಂದಿ ಅಡುಗೆಮನೆಯ ಕುಸುಬಿ ಎಣ್ಣೆಯನ್ನೇ ಬಿಡುತ್ತಾರೆ. ಅದು ಒಳಗೇ ಒಣಗಿ, ನೂಲು, ಕೂದಲು, ಸತ್ತ ಹುಳ ಎಲ್ಲ ಸೇರಿ, ಕಿವಿಯ ಗುಗ್ಗೆಯಂತೆ ಹಳದಿ ಅಂಟಾಗಿ ಕೂತಿರುತ್ತದೆ. ಡೀಸೆಲ್ಲಿನಲ್ಲಿ ನೆನೆಸಿ, ಕಡ್ಡಿಯಿಂದ ಕೆರೆದು, ಕಡ್ಡಿ ಹೋಗದ ಕಡೆ ಉಗುರಿನಿಂದ ತೆಗೆಯುತ್ತೇನೆ. ಅದಕ್ಕೆ ನಾನೆಂದೂ ಹೇಸಿದವನಲ್ಲ.

ನಾನು ಹೇಸಿದ್ದು ಒಬ್ಬಳಿಗೆ ಮಾತ್ರ. ನನ್ನ ಅಕ್ಕ ನೀಲವ್ವನಿಗೆ.

ಗಂಡ ಸತ್ತ ಮೇಲೆ ಅಕ್ಕ ನಮ್ಮ ಮನೆಯಲ್ಲೇ ಇದ್ದಳು. ಓಣಿಯ ಹೆಂಗಸರಿಗೆ ಜಂಪರ್ ಹೊಲಿಯುತ್ತಿದ್ದಳು. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಹೆಬ್ಬೆರಳಿಗೆ ಎದ್ದ ಹುಣ್ಣು ಬರಬರುತ್ತ ಪಾದವನ್ನೆಲ್ಲ ತಿಂದಿತು. ಆದರೂ ಹೊಲಿಗೆ ಬಿಡಲಿಲ್ಲ. ಪಟ್ಟಿ ಕಟ್ಟಿದ ಕಾಲನ್ನೇ ಪೆಡಲ್ ಮೇಲಿಟ್ಟು ತುಳಿಯುವಳು. ಕೀವು ಪಟ್ಟಿಯನ್ನು ದಾಟಿ, ಪೆಡಲಿನ ಕಬ್ಬಿಣದ ಜಾಳಿಗೆಯ ತೂತುಗಳಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಆ ವಾಸನೆ... ಕೊಳೆತ ಬಾಳೆಹಣ್ಣಿನ ನಡುವೆ ಸತ್ತ ಇಲಿ ಇಟ್ಟಂತೆ. ಸಿಹಿಯಾಗಿರುತ್ತಿತ್ತು. ಅದು ಸಿಹಿಯಾಗಿತ್ತು ಎಂಬುದಕ್ಕೇ ನನಗೆ ಹೆಚ್ಚು ವಾಕರಿಕೆ ಬರುತ್ತಿತ್ತು.

ಹೊಲಿದ ಜಂಪರಿಗೂ ಅದು ಹತ್ತಿತು. ಒಬ್ಬ ಹೆಂಗಸು ವಾಪಸು ತಂದು ಎಸೆದು ಹೋದಳು. ಅವತ್ತೇ ನಾನು ಅಕ್ಕನನ್ನೂ ಅವಳ ಮಷಿನ್ನನ್ನೂ ಹಿಂದಿನ ಶೆಡ್ಡಿಗೆ ಹಾಕಿದೆ. ಕಾಲು ತೊಳೆದು ಪಟ್ಟಿ ಕಟ್ಟುವವಳು ನನ್ನ ಹೆಂಡತಿ ಶಾಂತಾ. ನಾನು ಮೂಗಿಗೆ ಟವೆಲ್ ಹಿಡಿದು ಬಾಗಿಲಲ್ಲೇ ನಿಲ್ಲುತ್ತಿದ್ದೆ. ಅಕ್ಕ ನಗುವಳು.

"ಯಾಕೋ ಸಂಗೂ, ಅಕ್ಕ ಅಷ್ಟ ನಾರ್ತಾಳೇನೋ? ಸಣ್ಣಾಂವ ಇದ್ದಾಗ ನಿನ್ನ ಹೇಲಿನ ಅರಿವಿ ಯಾರ ತೊಳದ್ರಂತ ಮಾಡಿ?"

ನಾನು ಹೊರಗೆ ಬಂದು ಉಗುಳುತ್ತಿದ್ದೆ.

ಅಕ್ಕ ಸತ್ತಳು. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಹೆಣ್ಣುಮಗಳು ಸತ್ತರೆ ಮೈ ತೊಳೆಸುವವರು ಹೆಂಗಸರು. ಆದರೆ ಕಾಲು ಮಾತ್ರ ತವರಿನ ಗಂಡುಮಗ, ಅಣ್ಣನೋ ತಮ್ಮನೋ, ತನ್ನ ಕೈಯಿಂದಲೇ ತೊಳೆದು ಕಳಿಸಬೇಕು. ನೀರಿನ ತಂಬಿಗೆ ನನ್ನ ಕೈಗೆ ಬಂತು.

"ಪಟ್ಟಿ ಬಿಚ್ಚೋ, ಬಿಚ್ಚಿ ತೊಳಿ," ಎಂದರು ನಮ್ಮ ಕಾಕಾ.

ಪಟ್ಟಿಯ ಅಂಚಿನಲ್ಲಿ ಏನೋ ಬೆಳ್ಳಗೆ ಮಿಸುಕಿದಂತೆ ಕಂಡಿತು. ನನ್ನ ಬಾಯಿಂದ ತಾನಾಗಿಯೇ ಬಂತು, "ಬಿಚ್ಚಬಾರ್ದಂತ ಡಾಕ್ಟರ್ ಹೇಳ್ಯಾರ ಕಾಕಾ. ರೋಗ ಹತ್ತತೈತಂತ."

"ಡಾಕ್ಟರ್ ಅಂದ್ರ ಆತು ಬಿಡು."

ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ದೂರದಿಂದಲೇ ಪಟ್ಟಿಯ ಮೇಲೆ ನೀರು ಸುರಿದೆ. ಅಕ್ಕ ಆ ಹೊಲಸು ಪಟ್ಟಿಯ ಸಮೇತ ಮಣ್ಣಿಗೆ ಹೋದಳು. ಒಬ್ಬಳೇ ಮಗಳು ರೇಣುಕಾ ಆಗ ತಂಗಡಗಿಯ ಗಂಡನ ಮನೆಯಲ್ಲಿ ಹಸಿ ಬಾಣಂತಿ. ಸಾವಿನ ಮನೆಗೆ ಅವಳನ್ನು ಕಳಿಸಲಿಲ್ಲ. ನಾನು ಸುಳ್ಳು ಹೇಳಿದ್ದು ಅವಳಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ.

ವರ್ಷ ದಾಟಿತು. ಕಳೆದ ಬೇಸಿಗೆಯಲ್ಲಿ ರೇಣುಕಾ ಫೋನ್ ಹಚ್ಚಿದಳು.

"ಮಾಮಾ, ಅವ್ವನ ಮಷಿನ್ ನನಗ ಬೇಕ್ರಿ. ನಾನೂ ಹೊಲಿಗಿ ಚಾಲೂ ಮಾಡ್ತೇನಿ."

"ಹೊಸಾದ ಕೊಡಸ್ತೇನಿ ತಗೋವಾ. ಅದು ಜಂಗ ಹಿಡದೈತಿ."

"ಊರ ಮಂದಿ ಅಜ್ಜಿ ಮಷಿನ್ ಎಲ್ಲಾ ಮಿರಿಮಿರಿ ಮಾಡಿ ಕೊಡ್ತೀರಿ, ಸೊಸಿ ಮಷಿನ್‌ಗೆ ಅಷ್ಟ ಜಂಗ ಹಿಡೀತೇನ್ರಿ? ಆಯಿತವಾರ ಟಂಟಂ ಗಾಡಿ ತಗೊಂಡ ಬರ್ತೇನಿ. ತಯಾರ ಇರ್ಲಿ."

ಆ ವಾಸನೆ ಅವಳ ಮೂಗಿಗೆ ತಾಗಿದರೆ, ತಾಯಿಯನ್ನು ನಾನು ಹೇಗೆ ಇಟ್ಟಿದ್ದೆ, ಹೇಗೆ ಕಳಿಸಿದೆ ಎಂಬುದೆಲ್ಲ ಹೊರಗೆ ಬರುತ್ತಿತ್ತು. ತವರು ಎಂದು ಅವಳಿಗೆ ಉಳಿದದ್ದು ನನ್ನ ಮನೆಯೊಂದೇ. ನನಗೂ ಅಕ್ಕನ ಕಡೆಯಿಂದ ಉಳಿದವಳು ಅವಳೊಬ್ಬಳೇ.

ಮಷಿನ್ನಿನ ತಲೆಯನ್ನು ಬಿಚ್ಚಿ ಡೀಸೆಲ್ಲಿಗೆ ಹಾಕಿದೆ. ಬೆಲ್ಟ್ ತೆಗೆದೆ. ಕುಸುಬಿ ಎಣ್ಣೆಯ ಅಂಟನ್ನೆಲ್ಲ ಕೆರೆದೆ. ತಲೆ ಲಕಲಕ ಹೊಳೆಯಿತು. ಸ್ಟ್ಯಾಂಡಿಗೂ ಪೆಡಲಿಗೂ ಬ್ರಷ್ ಹಾಕಿ ಉಜ್ಜಿ ಕರಿ ಬಣ್ಣ ಬಳಿದೆ. ವಾಸನೆ ಹೋಯಿತು ಅಂದುಕೊಂಡೆ. ಶಾಂತಾ ಮಕ್ಕಳನ್ನು ಕರೆದುಕೊಂಡು ಸಾಲೋಟಗಿಯ ತವರಿಗೆ ಹೋಗಿದ್ದಳು. ಶನಿವಾರ ರಾತ್ರಿ ಮನೆಯಲ್ಲಿ ನಾನೊಬ್ಬನೇ.

ಸೆಖೆಗೆ ಹಿತ್ತಲಲ್ಲಿ ಹೊರಸು ಹಾಕಿ ಮಲಗಿದ್ದೆ. ಎಷ್ಟೋ ಹೊತ್ತಿಗೆ ಎಚ್ಚರವಾಯಿತು.

ಕಟಕ್... ಕಿರ್ರ್... ಕಟಕ್...

ಪೆಡಲ್ ತುಳಿಯುವ ಸಪ್ಪಳ. ಸೂಜಿಯ ಸದ್ದಿಲ್ಲ, ಬರೀ ಪೆಡಲ್. ಒಂದು ತುಳಿತ ಜೋರು. ಇನ್ನೊಂದು ಮೆಲ್ಲಗೆ, ನೋವಿಗೆ ಅಂಜಿ ಊರಿದ ಹಾಗೆ.

ಇಲಿ ಇರಬೇಕು ಅಂದುಕೊಂಡೆ. ಚಪ್ಪಲಿ ಕೈಯಲ್ಲಿ ಹಿಡಿದು ಶೆಡ್ಡಿನ ಲೈಟ್ ಹಾಕಿದೆ. ಸಪ್ಪಳ ನಿಂತಿತು. ಯಾರೂ ಇಲ್ಲ. ಸ್ಟ್ಯಾಂಡಿನ ದೊಡ್ಡ ಗಾಲಿ ಮಾತ್ರ ಇನ್ನೂ ಸ್ವಲ್ಪ ತಿರುಗುತ್ತಿತ್ತು.

ಆಮೇಲೆ ವಾಸನೆ ಬಂತು. ಅದೇ... ಸಿಹಿ.

ಹೊಸ ಬಣ್ಣದ ಪೆಡಲ್ ಮೇಲೆ ಏನೋ ಹೊಳೆಯುತ್ತಿತ್ತು. ಬಣ್ಣ ಒಣಗಿಲ್ಲವೇನೋ ಎಂದು ಬೆರಳು ಇಟ್ಟೆ. ಬೆಚ್ಚಗಿತ್ತು. ಲೋಳೆ. ಎಳೆದರೆ ಎಳೆ ಬಂತು. ಜಾಳಿಗೆಯ ತೂತಿನಿಂದ ಒಂದು ಹನಿ ನೆಲಕ್ಕೆ ಬಿತ್ತು... ತಟ್.

ನಾನು ಅಲ್ಲೇ ಕಕ್ಕಿದೆ.

ಚಿಂದಿ ತಂದು ಒರೆಸಿದೆ. ಒರೆಸಿದ ಕಡೆ ಮತ್ತೆ ಜಿನುಗಿತು. ಡೀಸೆಲ್ ಸುರಿದು ಒರೆಸಿದೆ. ಡೀಸೆಲ್ಲಿನ ಘಾಟಿನ ಮೇಲೆಯೇ ಆ ಸಿಹಿ ವಾಸನೆ ಎದ್ದು ನಿಂತಿತು. ಚಿಂದಿಗೆಲ್ಲ ಹಳದಿ ಹತ್ತಿತು. ಬೆಳಗಾದರೆ ರೇಣುಕಾ ಬರುತ್ತಾಳೆ. ಶಾಂತಾಗೆ ಫೋನ್ ಹಚ್ಚಿದೆ.

"ಶಾಂತಾ... ಅಕ್ಕನ ಕಾಲ ನೀ ಹೆಂಗ ತೊಳೀತಿದ್ದಿ?"

"ಈ ಸರೊತ್ತಿನ್ಯಾಗ ಅದನ್ಯಾಕ ಕೇಳ್ತೀರಿ? ಕುಡದೀರೇನ್?"

"ಹೇಳ ನೀ."

"ಬಿಸಿನೀರು, ಉಪ್ಪು, ಬೇವಿನ ತಪ್ಪಲಾ... ಅರಿವೀಲೆ ತಿಕ್ಕಿದ್ರ ಚೀರತಿದ್ಳು. ಬರೇ ಕೈಲೆ ತೊಳೀಬೇಕ್ರಿ. ಬೆರಳ ಸಂದ್ಯಾಗ ಭಾಳ ಹಗೂರಕ..." ಆಮೇಲೆ ಮೆಲ್ಲಗೆ ಅಂದಳು, "ಈಗ್ಯಾಕ ಬೇಕ್ರಿ ನಿಮಗ? ಆವಾಗ ಬಾಗಲಾ ದಾಟಿ ಬರಲಿಲ್ಲ ನೀವು."

ನೀರು ಕಾಸಿದೆ. ಉಪ್ಪು ಹಾಕಿದೆ, ಹಿತ್ತಲಿನ ಬೇವಿನ ತಪ್ಪಲು ಹಾಕಿದೆ. ಪೆಡಲ್ ಕೆಳಗೆ ಬೋಗುಣಿ ಇಟ್ಟು ನೆಲಕ್ಕೆ ಕೂತೆ. ಕಣ್ಣು ಮುಚ್ಚಿ, ಬಾಯಿಂದ ಉಸಿರಾಡುತ್ತ, ನೀರು ಹಾಕಿ ಬರಿಗೈಯಿಂದ ಉಜ್ಜಿದೆ.

ಮೊದಲು ಕಬ್ಬಿಣ ಗಟ್ಟಿಯಾಗಿಯೇ ಇತ್ತು.

ಆಮೇಲೆ ಇರಲಿಲ್ಲ.

ನಾನು ನೋಡಲಿಲ್ಲ, ಆಣೆ ಮಾಡಿ ಹೇಳುತ್ತೇನೆ, ಕಣ್ಣು ತೆರೆಯಲೇ ಇಲ್ಲ. ಆದರೆ ಅಂಗೈ ಕೆಳಗೆ ಅದು ಮೆತ್ತಗಾಯಿತು. ಒತ್ತಿದರೆ ಒಳಗೆ ಹೋಗುತ್ತಿತ್ತು, ಬಿಟ್ಟರೆ ಹೊರಗೆ ಬರುತ್ತಿರಲಿಲ್ಲ. ಬೆರಳಿಗೆ ಸಂದು ಸಿಕ್ಕಿತು. ಒಂದು ಸಂದು, ಅದರ ಪಕ್ಕ ಇನ್ನೊಂದು... ಅಲ್ಲಿ ತೊಗಲು ಸುಲಿದು ನನ್ನ ಬೆರಳಿಗೆ ಅಂಟಿತು. ಪೆಡಲ್ ಒಮ್ಮೆ ಸಣ್ಣಗೆ ನಡುಗಿತು. ನೋವಿಗೆ ಕಾಲು ಹಿಂದಕ್ಕೆ ಎಳೆದುಕೊಂಡ ಹಾಗೆ.

"ಹಗೂರಕ ತೊಳೀತೇನಿ ಅಕ್ಕಾ," ಎಂದೆ.

ಆ ಹೊತ್ತಿನಲ್ಲಾದರೂ ನನಗೆ ಅಕ್ಕನ ಮೇಲೆ ಅಂತಃಕರಣ ಉಕ್ಕಿತು ಎಂದು ಬರೆಯಬೇಕೆಂಬ ಆಸೆ ಇದೆ. ಉಕ್ಕಲಿಲ್ಲ. ಅಂಜಿಕೆಯೂ ಅಷ್ಟಿರಲಿಲ್ಲ. ಬರೀ ಹೇಸಿಗೆ. ಗಂಟಲಿಗೆ ಬಂದದ್ದನ್ನು ನುಂಗುತ್ತ, ಯಾವಾಗ ಮುಗಿದೀತು ಎಂದುಕೊಳ್ಳುತ್ತಲೇ ತೊಳೆದೆ. ಮೆಲ್ಲಗೆ ಅದು ಮತ್ತೆ ಗಟ್ಟಿಯಾಯಿತು.

ಕಣ್ಣು ತೆರೆದಾಗ ಪೆಡಲ್ ಸ್ವಚ್ಛವಾಗಿತ್ತು. ಬೋಗುಣಿಯ ತಳದಲ್ಲಿ, ಬೇವಿನ ಎಲೆಗಳ ನಡುವೆ, ಒಂದು ಉಗುರು ಬಿದ್ದಿತ್ತು. ದಪ್ಪ, ಹಳದಿ, ಹೆಬ್ಬೆರಳಿನದು. ಅಕ್ಕ ಬದುಕಿದ್ದಾಗ ಉದುರಿ ಜಾಳಿಗೆಯಲ್ಲಿ ಸಿಕ್ಕಿಕೊಂಡಿದ್ದೀತು... ಬ್ರಷ್ ಹಾಕಿ ಉಜ್ಜಿ ಬಣ್ಣ ಬಳಿದ ಜಾಳಿಗೆಯಲ್ಲಿ ಅದು ಹೇಗೆ ಉಳಿದಿತ್ತು, ನನಗೆ ತಿಳಿಯದು. ನೀರಿನ ಸಮೇತ ಬೇವಿನ ಬುಡಕ್ಕೆ ಸುರಿದು ಮಣ್ಣು ಎಳೆದೆ.

ಬೆಳಗಾದ ಮೇಲೆ ತಲೆ ಕೂರಿಸಿ ಬೆಲ್ಟ್ ಹಾಕುವಷ್ಟರಲ್ಲಿ ರೇಣುಕಾ ಬಂದಳು. ಯಾರೋ ಹೆಗಲ ಮೇಲೆ ಕೈ ಹಾಕಿ ನಿಲ್ಲಿಸಿದ ಹಾಗೆ ಮಷಿನ್ ಮುಂದೆ ಗಕ್ಕನೆ ನಿಂತಳು. ಆಮೇಲೆ ಚಪ್ಪಲಿ ಬಿಟ್ಟು ಕೂತು ಪೆಡಲ್ ತುಳಿದಳು. ಸರಾಗವಾಗಿ ಓಡಿತು.

"ಹೂವಿನಂಗ ನಡೀತೈತಿ ಮಾಮಾ... ಇದ್ಯಾಕ ಕಾಲಿಗೆ ಬೆಚ್ಚಗ ಹತ್ತತೈತ್ರಿ?"

"ಬಿಸಲಿಗೆ ಇಟ್ಟಿದ್ದೆ."

ಬಿಸಿಲು ಇನ್ನೂ ಹಿತ್ತಲಿಗೆ ಬಂದಿರಲಿಲ್ಲ.

ಅವಳು ತುಳಿಯುವುದನ್ನು ನಿಲ್ಲಿಸಿದಳು. ತಲೆ ತಗ್ಗಿಸಿಯೇ ಕೇಳಿದಳು, "ಮಾಮಾ, ಒಂದ ಮಾತ ಕೇಳ್ತೇನಿ, ಸಿಟ್ಟ ಆಗಬ್ಯಾಡ್ರಿ. ಅವ್ವನ ಕಾಲ... ಆ ಹುಣ್ಣಿನ ಕಾಲ, ನೀವ ತೊಳದ ಕಳಿಸಿದ್ರಲ್ಲ? ನಾ ಬರಲಿಲ್ಲ ಅಂತ ನನಗ ಅದ ಒಂದ ಕೊರೀತೈತಿ."

"ತೊಳದೇನವಾ," ಎಂದೆ.

ಸುಳ್ಳು ಹೇಳಿದೆನೋ, ಖರೆ ಹೇಳಿದೆನೋ ಇವತ್ತಿಗೂ ನನಗೆ ತಿಳಿದಿಲ್ಲ.

ಅವಳು ಎದ್ದು ಬಂದು ನನ್ನ ಬಲಗೈಯನ್ನು ಎರಡೂ ಕೈಗಳಲ್ಲಿ ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ಆ ಕೈಯನ್ನು ಬೆಳಗಿನಿಂದ ಸಾಬೂನು, ನಿಂಬೆಹಣ್ಣು, ಬೂದಿ ಎಲ್ಲ ಹಾಕಿ ತಿಕ್ಕಿದ್ದೆ. ಆ ಸಿಹಿ ವಾಸನೆ ಹೋಗಿರಲಿಲ್ಲ. ಎಳೆದುಕೊಳ್ಳಲು ನೋಡಿದೆ, ಅವಳು ಬಿಡಲಿಲ್ಲ. ಅವಳ ಉಸಿರು ನನ್ನ ಬೆರಳಿಗೆ ತಾಗಿತು. ಒಮ್ಮೆ ಒಳಗೆ ಎಳೆದುಕೊಂಡದ್ದು ಹೊರಗೆ ಬರಲು ತಡವಾಯಿತು.

ಮೆಲ್ಲಗೆ ನನ್ನ ಕೈ ಬಿಟ್ಟಳು. ಕೈಯನ್ನು ನೋಡಿದಳು. ನನ್ನ ಮುಖ ನೋಡಿದಳು.

"ಚಹಾ ಮಾಡ್ಲೇನವಾ?" ಎಂದೆ.

"ಬ್ಯಾಡ ಮಾಮಾ. ಟಂಟಂ ನಿಂತೈತಿ."

ಡ್ರೈವರನೂ ನಾನೂ ಸೇರಿ ಮಷಿನ್ ಏರಿಸಿದೆವು. ಟಂಟಂ ಹತ್ತುವ ಮುಂಚೆ ಅವಳು ಹೊರಗಿನ ನೀರಿನ ತೊಟ್ಟಿಯ ಹತ್ತಿರ ನಿಂತು ಕಣ್ಣು ತೊಳೆದುಕೊಂಡಳು. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ. ಅವಳು ತೊಳೆದುಕೊಳ್ಳುತ್ತಲೇ ಇದ್ದಳು.