ಅತ್ತೆಗೆ ಕಂದಾಗಿ ಕಂಡ ಪ್ಯಾನ್ಸಿ

ನಮ್ಮತ್ತೆ ರಫೂ ಕೆಲಸದವರು. ಹರಿದ ಬಟ್ಟೆಯ ನೇಯ್ಗೆಯನ್ನು ಸೂಜಿಯಿಂದಲೇ ಮತ್ತೆ ನೇಯ್ದು, ತೂತು ಎಲ್ಲಿತ್ತೆಂದು ಬಟ್ಟೆಯ ಒಡೆಯನಿಗೂ ಗೊತ್ತಾಗದ ಹಾಗೆ ಮಾಡುವ ಕೆಲಸ ಅದು. ಇಪ್ಪತ್ತೆಂಟು ವರ್ಷದಿಂದ ಡ್ರೈಕ್ಲೀನರ್ ಅಂಗಡಿಯ ಯಜಮಾನರು ಕೋಟು, ಶಾಲು, ಪ್ಯಾಂಟುಗಳನ್ನು ಗಂಟು ಕಟ್ಟಿ ಇವರ ಕೈಗೇ ಕೊಡುತ್ತಾ ಬಂದಿದ್ದಾರೆ. ಮುಂದಿನ ಕೋಣೆಯ ಕಿಟಕಿ ಪಕ್ಕದ ಕುರ್ಚಿ ಅವರ ಕಾರ್ಖಾನೆ.

ಅವರ ಇನ್ನೊಂದು ಹುಚ್ಚು ಹಿತ್ತಲ ಗೋಡೆಯ ಬುಡದಲ್ಲಿರುವ ಮಣ್ಣಿನ ಪಟ್ಟಿ. ಅಗಲ ಒಂದು ಮೊಳ, ಉದ್ದ ಬಟ್ಟೆ ಒಣಹಾಕುವ ತಂತಿಯಷ್ಟು. ಚಳಿಗಾಲವಿಡೀ ಅಲ್ಲಿಗೆ ಬಿಸಿಲು ಬರುವುದಿಲ್ಲ. ಬಿಸಿಲು ಗೋಡೆಯಿಂದಿಳಿದು ಮಣ್ಣು ಮುಟ್ಟಿದ ದಿನವೇ ಅತ್ತೆಗೆ ವರ್ಷ ಶುರು. ಅಂದಿನಿಂದ ಬಕೆಟ್ ಬೋರಲು ಹಾಕಿ, ಅದರ ಮೇಲೆ ಕೂತು ಬೆಳಗಿನ ಕಾಫಿ. ಪಕ್ಕದಲ್ಲಿ ಇನ್ನೂ ನಾಲ್ಕು ತುಂಬದ ನನ್ನ ಮಗಳು, ಹಾಲಿನ ಮೀಸೆ ಹೊತ್ತು. ನಾನು ಹಿಂಬಾಗಿಲ ಮೆಟ್ಟಿಲ ಮೇಲೆ ಹತ್ತು ನಿಮಿಷ ಏನೂ ಮಾಡದೆ ಕೂರುತ್ತೇನೆ. ಇಡೀ ದಿನದಲ್ಲಿ ನನ್ನವೆಂದು ಇರುವುದು ಆ ಹತ್ತು ನಿಮಿಷ.

ಈ ಸಲ ಅತ್ತೆ ಪ್ಯಾನ್ಸಿ ಹೂವಿನ ಸಸಿ ತಂದು ನೆಟ್ಟಿದ್ದರು. ಕಡು ನೇರಳೆಯೇ ಬೇಕೆಂದು ನರ್ಸರಿಯವನಿಗೆ ಮೂರು ಸಲ ಹೇಳಿ ತಂದದ್ದು. ಸೋಮವಾರ ಮೊದಲ ಮೂರು ಹೂ ಅರಳಿದವು. "ಬೆಕ್ಕಿನ ಮುಖ!" ಎಂದು ಮಗಳು ಕುಣಿದಳು. ಅತ್ತೆ ಬಗ್ಗಿ ನೋಡಿ ಮೂಗು ಮುರಿದರು.

"ಟೋಪಿ ಹಾಕಿದಾನೆ ಕಣೇ ಅವನು. ನೇರಳೆ ಕೇಳಿದ್ರೆ ಕಂದು ಕೊಟ್ಟಿದಾನೆ. ನೋಡು, ಟೀ ಸೋಸೋ ಬಟ್ಟೆ ಥರ ಇದೆ."

ನೋಡಿದೆ. ಬದನೆಕಾಯಿ ಸಿಪ್ಪೆಯಂಥ ಅಪ್ಪಟ ನೇರಳೆ. ತಮಾಷೆಯೆಂದುಕೊಂಡು ನಕ್ಕೆ. ಅತ್ತೆ ನಗಲಿಲ್ಲ. ಒಂದು ಹೂ ಚಿವುಟಿ ಕರ್ಚೀಫಿನಲ್ಲಿಟ್ಟುಕೊಂಡು, ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಮಗಳನ್ನು ಸೊಂಟಕ್ಕೇರಿಸಿಕೊಂಡು ನಾನೂ ಹಿಂದೆ ಓಡಿದೆ.

"ಏನಪ್ಪಾ, ನಿಮ್ಮನೇಲಿ ಇದನ್ನ ನೇರಳೆ ಅಂತಾರಾ?"

ನರ್ಸರಿಯವನು ಹೂವನ್ನು ತಿರುಗಿಸಿ ತಿರುಗಿಸಿ ನೋಡಿದ. "ನಮ್ಮನೇಲೇನಮ್ಮಾ, ಎಲ್ಲರ ಮನೇಲೂ ಇದು ನೇರಳೇನೇ."

"ನಂಗೇ ಬಣ್ಣ ಹೇಳಿಕೊಡ್ತೀಯಾ? ನೀನು ಹುಟ್ಟೋಕೆ ಮುಂಚೆಯಿಂದ ದಾರ ಹೊಂದಿಸ್ತಾ ಇದೀನಿ ನಾನು!"

"ನೇರಳೆ, ಅಜ್ಜಿ," ಎಂದಳು ಸೊಂಟದ ಮೇಲಿದ್ದವಳು. "ನನ್ನ ಫ್ರಾಕ್ ಥರ."

ಅತ್ತೆ ಫ್ರಾಕು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಕಣ್ಣು ತಪ್ಪಿಸಿದೆ.

ಮನೆಗೆ ಬಂದವರೇ ಕುರ್ಚಿಯ ಮೇಲಿದ್ದ ಕಡು ನೀಲಿ ಕೋಟೊಂದನ್ನು ನನ್ನ ಮಡಿಲಿಗೆ ಹಾಕಿದರು. ಬುಧವಾರ ಅಂಗಡಿಗೆ ಕೊಡಬೇಕಿದ್ದ ಕೋಟು.

"ಮೊಣಕೈ ಹತ್ರ ರಫೂ ಮಾಡಿದೀನಿ. ಹುಡುಕು."

ಹುಡುಕುವಂಥದ್ದೇನೂ ಇರಲಿಲ್ಲ. ನೀಲಿಯ ಮೇಲೆ ಉಗುರಗಲದ ಕಂದು ಚೌಕ ಎದ್ದು ಕಾಣುತ್ತಿತ್ತು. ನೇಯ್ಗೆಯಲ್ಲಿ ಮಾತ್ರ ಒಂದೆಳೆಯೂ ತಪ್ಪಿರಲಿಲ್ಲ.

ಸುಳ್ಳು ಹೇಳಿಬಿಡಲೇ ಎಂದು ಒಂದು ಗಳಿಗೆ ಅನಿಸಿದ್ದು ನಿಜ. ಮಾವ ತೀರಿಕೊಂಡಾಗ ಅತ್ತೆಯನ್ನು ಎತ್ತಿ ನಿಲ್ಲಿಸಿದ್ದು ಈ ಕೆಲಸ. ಅದು ಕೈತಪ್ಪಿದರೆ ಅವರು ಅರ್ಧವಾಗಿಬಿಡುತ್ತಾರೆ. ಆದರೂ ಅಂಗಡಿಯಲ್ಲಿ ಯಾರೋ ಎತ್ತಿ ತೋರಿಸುವುದಕ್ಕಿಂತ ಮನೆಯಲ್ಲೇ ಗೊತ್ತಾಗುವುದು ವಾಸಿ.

"ಕಂದು ದಾರ, ಅತ್ತೆ."

"ತುಂಬಾ ಕಾಣುತ್ತಾ?"

"ಎದುರುಮನೆಗೂ ಕಾಣುತ್ತೆ."

"ಸರಿ. ಕತ್ತರಿ ಕೊಡು."

ಎಳೆ ಎಳೆಯಾಗಿ ಬಿಚ್ಚಿದರು. ನಾನು ಆರಿಸಿಕೊಟ್ಟ ದಾರದಿಂದ ಮತ್ತೆ ನೇಯ್ದರು. ಮಂಗಳವಾರ ಕಣ್ಣಿನ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಣ್ಣಗಳು ಕಂದಾಗಿ ಕಾಣುವುದು ಅದಕ್ಕೇ, ಮೂರು ವಾರ ಬಿಟ್ಟು ಒಂದೊಂದಾಗಿ ತೆಗೆಯೋಣ ಎಂದರು. ಬರುವ ದಾರಿಯಲ್ಲಿ ಅತ್ತೆ ನರ್ಸರಿ ಮುಂದೆ ನಿಂತು, "ನಿನ್ನ ಹೂವಿಗೇನೂ ಆಗಿಲ್ಲ ಕಣಪ್ಪ, ನನ್ನ ಕಣ್ಣಿಗಾಗಿದೆ," ಎಂದು ಒಪ್ಪಿಕೊಂಡರು. ಅವನು, "ಹಾಗಾದ್ರೆ ಮುಂದಿನ ಸಲ ಕಂದು ಕೇಳಿ ಅಮ್ಮಾ, ನೇರಳೆ ಕೊಡ್ತೀನಿ," ಎಂದ. ಅತ್ತೆ ನಕ್ಕುಬಿಟ್ಟರು.

ಆಪರೇಷನ್ ಅಂದರೆ ಅವರಿಗೆ ಭಯವಿರಲಿಲ್ಲ. ಭಯವಿದ್ದದ್ದು ಅಂಗಡಿಯಲ್ಲಿ ಬಾಯಿಬಿಡುವುದಕ್ಕೆ. ಬಣ್ಣ ಗೊತ್ತಾಗದವಳಿಗೆ ಯಾರು ಕೋಟು ಕೊಡುತ್ತಾರೆ? ನಾನು ಫೋನ್ ಮಾಡುತ್ತೇನೆಂದರೆ ಜಪ್ಪಯ್ಯ ಅಂದರೂ ಕೇಳಲಿಲ್ಲ. "ಕಣ್ಣು ನಂದು, ಬಾಯೂ ನಂದೇ ಇರಲಿ."

ಬುಧವಾರ ಬೆಳಿಗ್ಗೆ ಇನ್ನೆರಡು ಪ್ಯಾನ್ಸಿ ಅರಳಿದ್ದವು. "ಏನು ಬಣ್ಣ ಬಂದಿದೆ ಪುಟ್ಟಿ?" ಎಂದು ಮೊಮ್ಮಗಳನ್ನು ಕೇಳಿದರು. "ಮುಖ ನೇರಳೆ, ಮೂಗು ಹಳದಿ." ಅದನ್ನು ಕೇಳಿಸಿಕೊಂಡು, ಕಾಫಿ ಮುಗಿಸಿ, ಕೋಟು ಹಿಡಿದು ಹೊರಟರು.

ಒಂದು ಗಂಟೆ ಬಿಟ್ಟು ಬಂದರು. ಕೈಯಲ್ಲಿ ಎಂದಿಗಿಂತ ದೊಡ್ಡ ಗಂಟು. ಬಿಚ್ಚಿದರೆ ಆಸ್ಪತ್ರೆಯ ಕೋಟು, ಹೋಟೆಲಿನ ಮೇಜುಬಟ್ಟೆ, ಅಡುಗೆಯವರ ಏಪ್ರನ್ನು. ಎಲ್ಲ ಬಿಳಿ.

"ಕಣ್ಣು ಸರಿಹೋಗೋವರೆಗೂ ಬರೀ ಬಿಳಿ ಕೊಡ್ತಾರಂತೆ ಯಜಮಾನರು."

"ಒಳ್ಳೇದಾಯ್ತಲ್ಲ ಅತ್ತೆ!"

"ಏನು ಒಳ್ಳೇದು? ಬಿಳೀಲಿ ಎಷ್ಟು ಬಿಳಿ ಇದೆ ಅಂತ ಅವರಿಗೇನು ಗೊತ್ತು, ಪಾಪ. ಹಾಲಿನ ಬಿಳಿ ಬೇರೆ, ಸುಣ್ಣದ ಬಿಳಿ ಬೇರೆ. ಹೋಗು, ಇದಕ್ಕೊಂದು ದಾರ ಹೊಂದಿಸು."

ಬಿಳಿ ದಾರದ ಉಂಡೆಯೊಂದನ್ನು ತಂದೆ. "ಬಾಗಿಲ ಬೆಳಕಿಗೆ ಹಿಡಿದೆಯಾ?" ಎಂದರು. ಹಿಡಿದು ಬಂದೆ. "ಬಟ್ಟೆ ಮೇಲೆ ಒಂದೇ ಎಳೆ ಇಟ್ಟು ನೋಡಿದೆಯಾ, ಇಡೀ ಉಂಡೇನಾ?" ಉಂಡೆಯನ್ನೇ ನೋಡಿದ್ದೆ. ಮತ್ತೆ ಕಳಿಸಿದರು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಕೇಳಿತು.

"ಉಕ್ಕಲಿ ಬಿಡು," ಎಂದರು ಅತ್ತೆ, ಸೂಜಿ ಹಿಡಿದು ಕಾಯುತ್ತಾ. "ಮೊದಲು ದಾರ ತಾ."